ಪಿಜಿ ಮ್ಯಾಕ್ರೋ ಥಿಯರಿ: ಲೆಕ್ಕ ಮಾಡುತ್ತೇನೆ, ಅದರಲ್ಲಿ ನಮ್ಮ ಆರ್ಥಿಕತೆ ಎಲ್ಲಿದೆ ಅಂತ ಕಾಣುತ್ತಿಲ್ಲ

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದ ಕಡೆಯವಳು. ಪಿಯುಸಿವರೆಗೆ ಕನ್ನಡ ಮಾಧ್ಯಮ, ಆಮೇಲೆ ಬಿ.ಎ.ಯಲ್ಲಿ ಅರ್ಥಶಾಸ್ತ್ರ ಮತ್ತು ಗಣಿತ. ಈಗ ಹೊರರಾಜ್ಯದಲ್ಲಿ ಎಂ.ಎಸ್‌ಸಿ. ಅರ್ಥಶಾಸ್ತ್ರ, ಮೊದಲ ಸೆಮಿಸ್ಟರ್.

ಬಿ.ಎ.ಯಲ್ಲಿ ನನಗೆ ಮ್ಯಾಕ್ರೋ, ಅಂದರೆ ಇಡೀ ದೇಶದ ಆರ್ಥಿಕತೆಯ ಓದು, ಪ್ರಾಣ. ಖರ್ಚು ಏರಿದರೆ ಆದಾಯ ಎಷ್ಟು ಪಟ್ಟು ಏರುತ್ತದೆ ಅನ್ನುವ ಗುಣಕ, ಬಡ್ಡಿ ಮತ್ತು ಉತ್ಪಾದನೆಯನ್ನು ಒಟ್ಟಿಗೆ ತೋರಿಸುವ ಐಎಸ್-ಎಲ್ಎಂ, ಹಣದುಬ್ಬರ ಮತ್ತು ನಿರುದ್ಯೋಗದ ಫಿಲಿಪ್ಸ್ ರೇಖೆ. ರೆಪೋ ದರ ಏರಿಸಿದರೆ ಏನಾಗುತ್ತದೆ, ಬಜೆಟ್ ಕೊರತೆ ಜಾಸ್ತಿಯಾದರೆ ಏನಾಗುತ್ತದೆ ಅಂತ ಪೇಪರ್ ಓದುತ್ತಲೇ ಹೇಳಬಹುದಿತ್ತು. ಇಲ್ಲಿ ಮೊದಲ ವಾರದಿಂದಲೇ ರಾಮ್ಸೆ ಮಾಡೆಲ್. ಇಡೀ ದೇಶಕ್ಕೆ ಒಂದೇ ಕುಟುಂಬ, ಆ ಕುಟುಂಬಕ್ಕೆ ಸಾವಿಲ್ಲ. ಆಮೇಲೆ ಇವತ್ತಿನ ತೃಪ್ತಿಗೆ ಮುಂದಿನದ್ದನ್ನೆಲ್ಲ ಕೂಡಿಸಿ ಬರೆಯುವ ಬೆಲ್‌ಮನ್ ಸಮೀಕರಣ, ಆಯ್ಲರ್ ಸಮೀಕರಣ, ಟ್ರಾನ್ಸ್‌ವರ್ಸಾಲಿಟಿ. ಬೋರ್ಡಿನ ಮೇಲೆ ಇದ್ದದ್ದನ್ನು ನಾನೂ ಮಾಡಬಲ್ಲೆ. ಹೋಂವರ್ಕಿನಲ್ಲಿ ಅಂಕವೂ ಬರುತ್ತದೆ. ಆದರೆ "ಇದು ಏನು ಹೇಳುತ್ತಿದೆ" ಅಂತ ಯಾರಾದರೂ ಕೇಳಿದರೆ ಬಾಯಿ ಕಟ್ಟುತ್ತದೆ.

ನನ್ನ ಪ್ರಶ್ನೆ ಎರಡು. ಇದನ್ನು ಓದುವ ಸರಿಯಾದ ಕ್ರಮ ಯಾವುದು? ಮತ್ತೆ, ನಮ್ಮ ದೇಶದ ಬೆಲೆ ಏರಿಕೆ, ಕೆಲಸ, ಸಾಲ ಇವನ್ನೆಲ್ಲ ಅರ್ಥ ಮಾಡಿಕೊಳ್ಳಲು ಇದು ನಿಜವಾಗಿ ಬೇಕಾ? ಮುಂದಿನ ತಿಂಗಳು ಮಿಡ್‌ಸೆಮ್ ಇದೆ.

ಹಾಸನದ ಮೇಷ್ಟ್ರು

ತಂಗೀ, ಎರಡನೇ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಅದು ಬಗೆಹರಿಯದೆ ಮೊದಲನೆಯದಕ್ಕೆ ಮನಸ್ಸು ಕೂರುವುದಿಲ್ಲ.

ನೀವು ಬಿ.ಎ.ಯಲ್ಲಿ ಓದಿದ ಮಾಡೆಲ್‌ಗಳಲ್ಲಿ ಜನ ನಿನ್ನೆ ಹೇಗೆ ನಡೆದುಕೊಂಡರೋ ನಾಳೆಯೂ ಹಾಗೇ ನಡೆದುಕೊಳ್ಳುತ್ತಾರೆ ಅಂತ ಇಟ್ಟುಕೊಂಡಿರುತ್ತೇವೆ. ಆದಾಯ 100 ರೂಪಾಯಿ ಏರಿದರೆ ಖರ್ಚು 80 ರೂಪಾಯಿ ಏರುತ್ತದೆ, ಮುಗಿಯಿತು. 1970ರ ದಶಕದಲ್ಲಿ ಅಮೆರಿಕದಲ್ಲಿ ಹಣದುಬ್ಬರ, ನಿರುದ್ಯೋಗ ಎರಡೂ ಒಟ್ಟಿಗೆ ಏರಿದವು. ಒಂದು ಏರಿದರೆ ಇನ್ನೊಂದು ಇಳಿಯುತ್ತದೆ ಅಂತ ಹಳೆಯ ಅಂಕಿಗಳಿಂದ ಎಳೆದ ಫಿಲಿಪ್ಸ್ ರೇಖೆ ಕೈಕೊಟ್ಟಿತು. 1976ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ರಾಬರ್ಟ್ ಲ್ಯೂಕಸ್ ಅದರ ಕಾರಣವನ್ನು ಬಿಡಿಸಿ ಬರೆದರು. ನೀತಿ ಬದಲಾದರೆ ಜನರ ಲೆಕ್ಕಾಚಾರವೂ ಬದಲಾಗುತ್ತದೆ. ಹಳೆಯ ನೀತಿಯ ಕಾಲದ ಅಂಕಿಗಳಿಂದ ತೆಗೆದ ಸಂಬಂಧವನ್ನು ಹೊಸ ನೀತಿಗೆ ಹಾಕಲು ಬರುವುದಿಲ್ಲ. ಅದಕ್ಕೇ ನಿಮ್ಮ ಪಾಠ ಒಂದು ಕುಟುಂಬದ ಆಸೆ, ಅದರ ಇತಿಮಿತಿ, ನಾಳೆಯ ಬಗ್ಗೆ ಅದರ ನಿರೀಕ್ಷೆ ಇವುಗಳಿಂದ ಶುರುವಾಗುವುದು.

ನಮ್ಮ ಊರಿನ ವಿಷಯವನ್ನೇ ತೆಗೆದುಕೊಳ್ಳಿ. 2008ರಲ್ಲಿ ಕೇಂದ್ರದ ಕೃಷಿ ಸಾಲ ಮನ್ನಾ ಆಯಿತು, 2018ರಲ್ಲಿ ನಮ್ಮ ರಾಜ್ಯದ ಬೆಳೆ ಸಾಲ ಮನ್ನಾ ಆಯಿತು. ಮಳೆ ಹೋಗಿ ರೈತ ಸಾಲದಲ್ಲಿ ಮುಳುಗಿದ ಮೇಲೆ ಮನ್ನಾ ಮಾಡುವುದೇ ಆ ಹೊತ್ತಿಗೆ ಸರಿಯಾದ ಕೆಲಸ ಅಂತ ಕಾಣಬಹುದು. ಆದರೆ ಸಾಲ ಕೊಡುವ ದಿನ "ಮನ್ನಾ ಇಲ್ಲ" ಅಂತ ಹೇಳುವುದೇ ಸರಿ. ಇವತ್ತಿನ ಸರಿ ನಾಳೆಗೆ ಸರಿಯಾಗಿ ಉಳಿಯುವುದಿಲ್ಲ, ಅದು ಎಲ್ಲರಿಗೂ ಮೊದಲೇ ಗೊತ್ತು. ಚುನಾವಣೆ ಹತ್ತಿರ ಬಂದಾಗ ಸಹಕಾರಿ ಸೊಸೈಟಿಯಲ್ಲಿ ಕಂತು ಕಟ್ಟುವವರು ಯಾಕೆ ಸ್ವಲ್ಪ ಕಾದು ನೋಡುತ್ತಾರೆ ಅಂತ ಸೊಸೈಟಿ ಕಾರ್ಯದರ್ಶಿಯನ್ನು ಕೇಳಿ. ಫಿನ್ ಕಿಡ್‌ಲ್ಯಾಂಡ್ ಮತ್ತು ಎಡ್ವರ್ಡ್ ಪ್ರೆಸ್ಕಾಟ್ 1977ರಲ್ಲಿ ಬರೆದದ್ದು ಈ ಗಂಟಿನ ಬಗ್ಗೆಯೇ. 2004ರಲ್ಲಿ ಅವರಿಗೆ ನೊಬೆಲ್ ಬರಲು ಅದೂ ಒಂದು ಕಾರಣ. ಐಎಸ್-ಎಲ್ಎಂ ಇಟ್ಟುಕೊಂಡು ಈ ಮಾತನ್ನು ಹೇಳಲು ಬರುವುದಿಲ್ಲ, ಅಲ್ಲಿ ನಾಳೆ ಅನ್ನುವುದೇ ಇಲ್ಲ.

ಓದುವ ಕ್ರಮದ ಬಗ್ಗೆ ಈಗ ಪಿಎಚ್‌ಡಿ ಮಾಡುತ್ತಿರುವವರು ಹೇಳಲಿ.

ಮಿಸಿಸಿಪ್ಪಿ ದಂಡೆ

ನಾನು ಅಮೆರಿಕದಲ್ಲಿ ಪಿಎಚ್‌ಡಿ ನಾಲ್ಕನೇ ವರ್ಷದಲ್ಲಿದ್ದೇನೆ. ಮೊದಲು ಒಂದು ಸಮಾಧಾನದ ಮಾತು. ಬಾಯಿ ಕಟ್ಟುವುದು ನಿಮಗೊಬ್ಬರಿಗೇ ಅಲ್ಲ. ಇಲ್ಲಿ ಮೊದಲ ವರ್ಷ ಮೈಕ್ರೋ, ಮ್ಯಾಕ್ರೋ, ಎಕನಾಮೆಟ್ರಿಕ್ಸ್ ಮೂರೂ ಒಟ್ಟಿಗೆ ಬಂದು ಬೀಳುತ್ತವೆ, ವರ್ಷದ ಕೊನೆಗೆ ಪ್ರಿಲಿಮ್ ಪರೀಕ್ಷೆ. ಡಿಸೆಂಬರ್ ಹೊತ್ತಿಗೆ ಕ್ಲಾಸಿನಲ್ಲಿ ಅರ್ಧಕ್ಕರ್ಧ ಜನ ನಿಮ್ಮ ಪ್ರಶ್ನೆಯನ್ನೇ ಕೇಳುತ್ತಿರುತ್ತಾರೆ.

ನನ್ನ ಸಲಹೆ ಒಂದೇ. ದೊಡ್ಡ ಮಾಡೆಲ್ ಬಿಡಿ. ಕೈಯಲ್ಲೇ ಪೂರ್ತಿ ಬಿಡಿಸಬಹುದಾದ ಒಂದು ಚಿಕ್ಕ ಮಾಡೆಲ್ ಹಿಡಿಯಿರಿ. ಅದರ ಪ್ರತಿ ಸಾಲನ್ನೂ ಮಾತಿನಲ್ಲಿ ಹೇಳುವಷ್ಟು ಅದರ ಜೊತೆಗಿರಿ. ಆಮೇಲೆ ಮುಂದೆ ಹೋಗಿ.

ಆ ಚಿಕ್ಕ ಮಾಡೆಲ್ ಇದು. ಒಬ್ಬ ರೈತ. ಫಸಲು ಬಂದ ಮೇಲೆ ಅದರಲ್ಲಿ ಒಂದಿಷ್ಟು ಊಟಕ್ಕೆ, ಉಳಿದದ್ದು ಬಿತ್ತನೆಗೆ. ಬಿತ್ತಿದ ಕಾಳು ಅದೇ ವರ್ಷ ಖರ್ಚಾಗುತ್ತದೆ, ಅಂದರೆ ಸವಕಳಿ ಪೂರ್ತಿ 100ಕ್ಕೆ 100. ಫಸಲು ಬಿತ್ತನೆಯ ಆಲ್ಫಾ ಘಾತದಂತೆ ಬೆಳೆಯುತ್ತದೆ, ಆಲ್ಫಾ 0.3 ಇಟ್ಟುಕೊಳ್ಳಿ. ಊಟದಿಂದ ಸಿಗುವ ತೃಪ್ತಿ ಲಾಗರಿದಮ್. ಮುಂದಿನ ವರ್ಷದ ತೃಪ್ತಿಗೆ ಇವತ್ತು ಕೊಡುವ ಬೆಲೆ ಬೀಟಾ, ಅದು 0.96.

ಆಯ್ಲರ್ ಸಮೀಕರಣ ಇಲ್ಲಿ ಏನು ಹೇಳುತ್ತದೆ? ಇವತ್ತು ಒಂದು ಹಿಡಿ ಕಡಿಮೆ ತಿಂದು ಬಿತ್ತಿದರೆ ಇವತ್ತಾಗುವ ನಷ್ಟ ಒಂದು ಕಡೆ. ಆ ಹಿಡಿಯಿಂದ ಮುಂದಿನ ವರ್ಷ ಬರುವ ಹೆಚ್ಚುವರಿ ಫಸಲನ್ನು ತಿಂದಾಗ ಆಗುವ ಲಾಭ ಇನ್ನೊಂದು ಕಡೆ, ಅದನ್ನು ಬೀಟಾದಿಂದ ಗುಣಿಸಿ. ಎರಡೂ ಸಮ ಆಗುವವರೆಗೆ ರೈತ ಹಿಡಿಯನ್ನು ಆಚೀಚೆ ಸರಿಸುತ್ತಾನೆ. ಅಷ್ಟೇ. ಟ್ರಾನ್ಸ್‌ವರ್ಸಾಲಿಟಿ ಹೇಳುವುದು ಇನ್ನೊಂದು. ಎಂದೂ ತಿನ್ನದೆ ಕಣಜದಲ್ಲಿ ಸುಮ್ನೆ ಪೇರಿಸುತ್ತಾ ಹೋಗುವುದು ಜಾಣತನ ಅಲ್ಲ. ಬರೀ ಆಯ್ಲರ್ ಸಮೀಕರಣ ಇದ್ದರೆ ಅಂಥ ದಾರಿಗಳೂ ಒಳಗೆ ನುಸುಳುತ್ತವೆ. ಅವನ್ನು ಹೊರಗಿಡಲು ಈ ಷರತ್ತು ಬೇಕು.

ಉತ್ತರ ಹೀಗೆ ಬರುತ್ತದೆ: ಪ್ರತಿ ಫಸಲಿನಲ್ಲಿ ಆಲ್ಫಾ ಗುಣಿಸು ಬೀಟಾ ಪಾಲು ಬಿತ್ತನೆಗೆ. 0.3 ಗುಣಿಸು 0.96 ಅಂದರೆ 0.288. ನೂರು ಚೀಲ ಬಂದರೆ ಸುಮಾರು 29 ಚೀಲ. ಐವತ್ತೇ ಚೀಲ ಬಂದರೂ ಪಾಲು ಅದೇ.

ಈಗ ನಿಮಗೊಂದು ಕೆಲಸ. ಈ ರೈತನಿಗೆ ಸಾವಿಲ್ಲ ಅನ್ನುವುದನ್ನು ತೆಗೆದುಹಾಕಿ. ಇದೇ ಕೊನೆಯ ಫಸಲು ಅಂದರೆ ಎಷ್ಟು ಉಳಿಸುತ್ತಾನೆ? ಇನ್ನೊಂದು ಫಸಲು ಬಾಕಿ ಇದ್ದರೆ? ಇನ್ನೆರಡು? ಹಿಂದಿನಿಂದ ಮುಂದಕ್ಕೆ ಬನ್ನಿ. ಪೆನ್ನು, ಹಾಳೆ ಸಾಕು. ಮಾಡಿ ಇಲ್ಲೇ ಹಾಕಿ.

ತುಂಗಾತೀರ

ಮಾಡಿದೆ ಅಕ್ಕ. ಕೊನೆಯ ಫಸಲಾದರೆ ಉಳಿತಾಯ ಸೊನ್ನೆ, ಎಲ್ಲ ತಿನ್ನುತ್ತಾನೆ. ಇನ್ನೊಂದು ಬಾಕಿ ಇದ್ದರೆ 0.288 ಭಾಗಿಸು 1.288, ಅಂದರೆ ಸುಮಾರು ಶೇ 22.4. ಇನ್ನೆರಡು ಇದ್ದರೆ ಶೇ 27.1. ಮೂರಕ್ಕೆ ಶೇ 28.3. ನಾಲ್ಕಕ್ಕೆ ಶೇ 28.7.

ಇದು ಆಗಲೇ 28.8ರ ಹತ್ತಿರ ಬಂದುಬಿಟ್ಟಿತಲ್ಲ! ಐದೇ ಫಸಲು ಇರುವ ರೈತ ಮೊದಲ ವರ್ಷ ಹೆಚ್ಚುಕಡಿಮೆ ಸಾವಿಲ್ಲದ ರೈತನ ಹಾಗೇ ನಡೆದುಕೊಳ್ಳುತ್ತಾನೆ. "ಅನಂತ ಕಾಲ" ಅಂದಾಗ ನನಗಿದ್ದ ಮುಜುಗರ ಇಲ್ಲಿ ಅರ್ಧ ಹೋಯಿತು.

ಮಿಸಿಸಿಪ್ಪಿ ದಂಡೆ

ಲೆಕ್ಕ ಸರಿಯಾಗಿದೆ. ನೀವು ಈಗ ಕೈಯಲ್ಲಿ ಮಾಡಿದ್ದೇ ವ್ಯಾಲ್ಯೂ ಫಂಕ್ಷನ್ ಇಟರೇಶನ್. ಕೈಯಲ್ಲಿರುವ ಫಸಲಿನಿಂದ ಇವತ್ತು ಮತ್ತು ಮುಂದೆಲ್ಲ ಸೇರಿ ಸಿಗುವ ತೃಪ್ತಿ ವ್ಯಾಲ್ಯೂ ಫಂಕ್ಷನ್, ಅದನ್ನು ಸುತ್ತು ಸುತ್ತಾಗಿ ತಿದ್ದುತ್ತಾ ಹೋಗುವುದು ಇಟರೇಶನ್. ಕಂಪ್ಯೂಟರಿನಲ್ಲಿ ಆರಂಭದ ಊಹೆ ಸೊನ್ನೆ ಅಂತ ಕೊಡುತ್ತೇವಲ್ಲ, ಅದರ ಅರ್ಥ "ನಾಳೆಗೆ ಬೆಲೆಯೇ ಇಲ್ಲ". ಅದಕ್ಕೇ ಮೊದಲ ಸುತ್ತಿನಲ್ಲಿ ರೈತ ಎಲ್ಲ ತಿನ್ನುತ್ತಾನೆ. ಎರಡನೇ ಸುತ್ತಿನಲ್ಲಿ ಅವನಿಗೆ ಒಂದು ನಾಳೆ ಸಿಗುತ್ತದೆ. ಪ್ರತಿ ಸುತ್ತಿಗೂ ಒಂದೊಂದು ನಾಳೆ ಸೇರುತ್ತಾ ಹೋಗುತ್ತದೆ.

ಇದು ಯಾವತ್ತೂ ಒಂದೇ ಉತ್ತರಕ್ಕೆ ಬಂದು ನಿಲ್ಲುತ್ತದೆ ಅಂತ ಭರವಸೆ ಕೊಡುವುದು ಕಾಂಟ್ರ್ಯಾಕ್ಷನ್ ಮ್ಯಾಪಿಂಗ್ ಪ್ರಮೇಯ. ಪ್ರತಿ ಸುತ್ತಿಗೆ ತಪ್ಪು ಹಿಂದಿನ ತಪ್ಪಿನ ಬೀಟಾ ಪಾಲಿಗೆ, ಇಲ್ಲವೇ ಅದಕ್ಕಿಂತ ಕೆಳಗೆ, ಇಳಿಯುತ್ತದೆ. ಬೀಟಾ 0.96 ಆದರೆ ತಪ್ಪು ಹತ್ತು ಲಕ್ಷದಲ್ಲಿ ಒಂದು ಪಾಲಿಗೆ ಇಳಿಯಲು ಸುಮಾರು 338 ಸುತ್ತು ಸಾಕು. ತ್ರೈಮಾಸಿಕ ಮಾಡೆಲ್‌ಗೆ 0.99 ಹಾಕಿದರೆ ಸುಮಾರು 1375 ಸುತ್ತು. ನಿಮ್ಮ ಕೋಡ್ ಯಾಕೆ ನಿಧಾನ ಅಂತ ಮುಂದೆ ತಲೆ ಕೆಡಿಸಿಕೊಂಡಾಗ ಇದು ನೆನಪಿರಲಿ. ಮತ್ತೆ ನೀವೇ ನೋಡಿದ ಹಾಗೆ ಉಳಿತಾಯದ ಪಾಲು ಬೇಗ ನೆಲೆಗೆ ಬರುತ್ತದೆ, ವ್ಯಾಲ್ಯೂ ಫಂಕ್ಷನ್ ಬರಲು ಬಹಳ ಹೊತ್ತು ಬೇಕು. ಲೆಕ್ಕವನ್ನು ಬೇಗ ಮುಗಿಸುವ ಹೋವರ್ಡ್ ಇಂಪ್ರೂವ್‌ಮೆಂಟ್ ಅನ್ನುವ ತಂತ್ರ ನಿಂತಿರುವುದೇ ಈ ವ್ಯತ್ಯಾಸದ ಮೇಲೆ.

ಪುಸ್ತಕ: ಸ್ಟೋಕಿ, ಲ್ಯೂಕಸ್, ಪ್ರೆಸ್ಕಾಟ್ ಬರೆದದ್ದರಲ್ಲಿ 3 ಮತ್ತು 4ನೇ ಅಧ್ಯಾಯ ಸಾಕು, ಈಗಲೇ ಪೂರ್ತಿ ಓದಲು ಹೋಗಬೇಡಿ. ಡೇವಿಡ್ ರೋಮರ್ ಪುಸ್ತಕ ಕಥೆಗೆ, ಯುಂಗ್‌ಕ್ವಿಸ್ಟ್-ಸಾರ್ಜೆಂಟ್ ಪುಸ್ತಕ ಲೆಕ್ಕದ ತಂತ್ರಕ್ಕೆ. ನಾಣ್ಯ ನೀತಿಗೆ (ಕೇಂದ್ರೀಯ ಬ್ಯಾಂಕಿನ ಬಡ್ಡಿ ಮತ್ತು ಹಣದ ನೀತಿ) ಬಂದಾಗ ಜೋರ್ಡಿ ಗಾಲಿ ಅವರ ತೆಳು ಪುಸ್ತಕ.

ಗಣಿತದ ಕಡೆಯಿಂದ

ನಾನು ಬಿ.ಇ. ಮಾಡಿ ಆಮೇಲೆ ಈ ಕಡೆ ಬಂದವನು. ಎರಡು ವಿಷಯ ಸೇರಿಸುತ್ತೇನೆ.

ಒಂದು, ಇದಕ್ಕೆ ಬೇಕಾದ ಗಣಿತ ಜಾಸ್ತಿ ಕ್ಯಾಲ್ಕುಲಸ್ ಅಲ್ಲ, ರಿಯಲ್ ಅನಾಲಿಸಿಸ್. ಕಾಂಪ್ಯಾಕ್ಟ್ ಗಣ, ನಿರಂತರತೆ, ಸ್ಥಿರಬಿಂದು. ಕಾಂಟ್ರ್ಯಾಕ್ಷನ್ ಪ್ರಮೇಯದ ಸಾಧನೆ ಒಂದು ಪುಟವೂ ಇಲ್ಲ. ಅದನ್ನು ಪುಸ್ತಕ ಮುಚ್ಚಿ ಬರೆಯಲು ಬಂದರೆ ಭಯ ಹೋಗುತ್ತದೆ.

ಎರಡು, ಸಾಫ್ಟ್‌ವೇರ್. ಇಂಥ ಮಾಡೆಲ್‌ಗಳನ್ನು ಬಿಡಿಸಿಕೊಡುವ ಡೈನೇರ್ ಉಚಿತ, ಅದೂ ಉಚಿತವಾದ ಆಕ್ಟೇವ್ ಜೊತೆ ಓಡುತ್ತದೆ, ಮ್ಯಾಟ್‌ಲ್ಯಾಬ್ ಕೊಳ್ಳಬೇಕಿಲ್ಲ. ಸಾರ್ಜೆಂಟ್ ಮತ್ತು ಸ್ಟಾಹರ್ಸ್ಕಿ ನಡೆಸುವ ಕ್ವಾಂಟ್‌ಇಕಾನ್ ಪಾಠಗಳೂ ಉಚಿತ, ಪೈಥಾನ್ ಕೋಡ್ ಜೊತೆಗೇ ಇದೆ.

ಡೈನೇರ್‌ನಲ್ಲಿ ಎಲ್ಲರೂ ಒಂದೇ ಕಡೆ ಸಿಕ್ಕಿಕೊಳ್ಳುತ್ತಾರೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಈ ವರ್ಷದ ಉತ್ಪಾದನೆಗೆ ಬಳಸುವ ಬಂಡವಾಳ ಹೋದ ವರ್ಷವೇ ನಿರ್ಧಾರವಾಗಿರುತ್ತದೆ. ಡೈನೇರ್ ಪ್ರಕಾರ ಒಂದು ಚರಾಂಶಕ್ಕೆ ಅದು ನಿರ್ಧಾರವಾದ ಕಾಲದ ಗುರುತೇ ಇರಬೇಕು. ಹಾಗಾಗಿ ಉತ್ಪಾದನೆಯ ಸಾಲಿನಲ್ಲಿ ಬಂಡವಾಳಕ್ಕೆ ಬರೀ ಕೆ ಅಂತ ಬರೆಯಬಾರದು, ಕೆ(-1) ಅಂತ ಬರೆಯಬೇಕು. ಮರೆತರೆ ಬ್ಲಾಂಚಾರ್ಡ್-ಕಾನ್ ಷರತ್ತು ಹೊಂದುತ್ತಿಲ್ಲ ಅಂತ ಪರದೆಯ ಮೇಲೆ ಬರಬಹುದು. ಆಗ ಜನ ಪ್ಯಾರಾಮೀಟರ್ ತಿರುಚಲು ಹೊರಡುತ್ತಾರೆ. ಮೊದಲು ಕಾಲದ ಗುರುತು ನೋಡಿ.

ಆ ಷರತ್ತಿನ ಅರ್ಥವೂ ಸರಳ. ಕೆಲವು ಚರಾಂಶಗಳು ನಿನ್ನೆಯಿಂದ ಬಂದವು, ಬಂಡವಾಳದ ಹಾಗೆ. ಕೆಲವು ಇವತ್ತೇ ಜಿಗಿಯಬಲ್ಲವು, ಬೆಲೆ ಮತ್ತು ಖರ್ಚಿನ ಹಾಗೆ. ವ್ಯವಸ್ಥೆಯಲ್ಲಿ ಎಷ್ಟು ಸ್ಫೋಟಕ (ನೆಲೆಗೆ ಬರದೆ ದೂರ ಓಡುವ) ದಿಕ್ಕುಗಳಿವೆಯೋ ಅಷ್ಟೇ ಜಿಗಿಯುವ ಚರಾಂಶ ಇರಬೇಕು. ಕಡಿಮೆ ಇದ್ದರೆ ಸ್ಥಿರವಾದ ದಾರಿಯೇ ಸಿಗುವುದಿಲ್ಲ. ಜಾಸ್ತಿ ಇದ್ದರೆ ದಾರಿಗಳು ಒಂದಕ್ಕಿಂತ ಹೆಚ್ಚು, ಯಾವುದರಲ್ಲಿ ಹೋಗುತ್ತೇವೆ ಅಂತ ಮಾಡೆಲ್ ಹೇಳಲಾರದು. ನಾಣ್ಯ ನೀತಿಯಲ್ಲಿ ಇದು ಬರೀ ಲೆಕ್ಕವಾಗಿ ಉಳಿಯುವುದಿಲ್ಲ. ಹಣದುಬ್ಬರ ಶೇ 1 ಏರಿದಾಗ ಕೇಂದ್ರೀಯ ಬ್ಯಾಂಕ್ ಬಡ್ಡಿಯನ್ನು ಶೇ 1ಕ್ಕಿಂತ ಜಾಸ್ತಿ ಏರಿಸಬೇಕು ಅನ್ನುವ ಟೇಲರ್ ತತ್ವ, ಬೆಲೆಗಳು ನಿಧಾನವಾಗಿ ಬದಲಾಗುತ್ತವೆ ಅಂತ ಇಟ್ಟುಕೊಳ್ಳುವ ನ್ಯೂ ಕೇನ್ಸಿಯನ್ ಮಾಡೆಲ್‌ನಲ್ಲಿ ಬರುವುದು ಈ ಎಣಿಕೆಯಿಂದಲೇ.

ಬಯಲುಸೀಮೆ

ಎಲ್ಲ ಚೆನ್ನಾಗಿ ಹೇಳುತ್ತಿದ್ದೀರಿ. ಆದರೆ ತಂಗಿಯ ಎರಡನೇ ಪ್ರಶ್ನೆಗೆ ಇಷ್ಟು ಸುಲಭದ ಉತ್ತರ ನನಗೆ ಒಪ್ಪಿಗೆ ಇಲ್ಲ.

ನಿಮ್ಮ ರೈತನಿಗೆ ಜಮೀನಿದೆ, ಬೀಜ ಇದೆ, ನಾಳೆ ಇದೆ. ನಮ್ಮ ಚಿತ್ರದುರ್ಗದ ಕಡೆ ಜಮೀನಿಲ್ಲದೆ ಕೂಲಿಗೆ ಹೋಗುವವನಿಗೆ ಆಯ್ಲರ್ ಸಮೀಕರಣ ಎಲ್ಲಿ ನಡೆಯುತ್ತದೆ? ಬಂದದ್ದು ಅವತ್ತೇ ಖರ್ಚು. ಬಡ್ಡಿ ದರ ಅವನ ಪಾಲಿಗೆ ರೆಪೋ ಅಲ್ಲ, ಕೈಸಾಲ ಕೊಡುವವನು ಹೇಳಿದ್ದು. ದೇಶವನ್ನು ಒಂದೇ ಕುಟುಂಬ ಅಂದುಕೊಂಡ ಕ್ಷಣಕ್ಕೇ ಯಾರ ಬಳಿ ಏನಿದೆ ಅನ್ನುವ ಪ್ರಶ್ನೆ ಅಳಿಸಿಹೋಗುತ್ತದೆ. ಅರ್ಥಶಾಸ್ತ್ರಕ್ಕೆ ನಾನು ಬಂದದ್ದೇ ಆ ಪ್ರಶ್ನೆಗೆ.

ಇದು ನನ್ನೊಬ್ಬನ ತಕರಾರು ಅಲ್ಲ. 1956ರಲ್ಲಿ ಬೆಳವಣಿಗೆಯ ಮಾಡೆಲ್ ಕೊಟ್ಟ ರಾಬರ್ಟ್ ಸೋಲೋ ಅವರೇ 2010ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ರಾಮ್ಸೆ ಮಾಡೆಲ್‌ನಿಂದ ಬೆಳೆದ ಈ ಡಿಎಸ್‌ಜಿಇ ಮಾಡೆಲ್‌ಗಳ ಮೇಲೆ ಖಡಾಖಂಡಿತ ಟೀಕೆ ಮಾಡಿದರು. 2008ರ ಬಿಕ್ಕಟ್ಟಿನಲ್ಲಿ ಅವು ಏನೂ ಹೇಳಲಿಲ್ಲ ಅನ್ನುವುದು ಅವರ ದೂರು. ಅರ್ಥಶಾಸ್ತ್ರಜ್ಞ ಪಾಲ್ ರೋಮರ್ (ಮೇಲೆ ಹೇಳಿದ ಪುಸ್ತಕದ ಡೇವಿಡ್ ರೋಮರ್ ಬೇರೆ) 2016ರಲ್ಲಿ ಇನ್ನೂ ಖಾರವಾಗಿ ಬರೆದರು. ನಮ್ಮಲ್ಲೇ ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ ಎರಡನೇ ಪಂಚವಾರ್ಷಿಕ ಯೋಜನೆಗೆ ಮಾಡಿದ ಮಾಡೆಲ್ ಇದೆ. ಯಂತ್ರ ಮಾಡುವ ಕ್ಷೇತ್ರ, ಬಳಕೆಯ ವಸ್ತು ಮಾಡುವ ಕ್ಷೇತ್ರ ಅಂತ ಬೇರೆ ಬೇರೆ ಮಾಡಿ ನೋಡಿದ್ದು. ಪೋಲೆಂಡಿನ ಅರ್ಥಶಾಸ್ತ್ರಜ್ಞ ಕಲೆಟ್ಸ್ಕಿ ಹಿಂದುಳಿದ ದೇಶಗಳಲ್ಲಿ ಆಹಾರ ಪೂರೈಕೆಯೇ ಬೆಳವಣಿಗೆಗೆ ಕಟ್ಟು ಹಾಕುತ್ತದೆ ಅಂದರು. ನಮ್ಮ ಈರುಳ್ಳಿ, ಟೊಮೆಟೊ, ತೊಗರಿ ಬೇಳೆಯ ಬೆಲೆ ನೋಡಿದರೆ ಈ ಮಾತು ಇವತ್ತಿಗೂ ಹತ್ತಿರ ಬರುತ್ತದೆ. ಇವರನ್ನೆಲ್ಲ ಓದಿಸದೆ ಬರೀ ಬೆಲ್‌ಮನ್ ಓದಿಸುವ ಕೋರ್ಸ್ ಅರೆಬರೆ ಕೋರ್ಸ್.

ನಾಣ್ಯ ನೀತಿ ಓದುಗಳು

ಬಯಲುಸೀಮೆ ಅಣ್ಣ, ನಿಮ್ಮ ಪ್ರಶ್ನೆ ಸರಿಯಾದ ಪ್ರಶ್ನೆ. ನಾನು ಸಂಶೋಧನೆ ಮಾಡುತ್ತಿರುವುದೂ ಅದರ ಮೇಲೆಯೇ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಒಂದೇ ಕುಟುಂಬದ ಮಾಡೆಲ್ ಮೊದಲ ಮೆಟ್ಟಿಲು ಮಾತ್ರ. 1993ರಲ್ಲಿ ಮಾರ್ಕ್ ಹಗೆಟ್, 1994ರಲ್ಲಿ ಭಾರತ ಮೂಲದ ಎಸ್. ರಾವ್ ಅಯ್ಯಗಾರಿ ಲೆಕ್ಕವಿಲ್ಲದಷ್ಟು ಕುಟುಂಬಗಳಿರುವ ಮಾಡೆಲ್ ಕೊಟ್ಟರು. ಒಬ್ಬೊಬ್ಬರಿಗೆ ಒಂದೊಂದು ವರ್ಷ ಆದಾಯ ಹೋಗುತ್ತದೆ, ವಿಮೆ ಇಲ್ಲ, ಸಾಲಕ್ಕೆ ಮಿತಿ ಇದೆ. ಮಿತಿಗೆ ತಾಗಿದವನ ಪಾಲಿಗೆ ಆಯ್ಲರ್ ಸಮೀಕರಣ ಸಮವಾಗಿ ನಿಲ್ಲುವುದೇ ಇಲ್ಲ, ಅಸಮೀಕರಣ ಆಗುತ್ತದೆ. ನಿಮ್ಮ ಚಿತ್ರದುರ್ಗದ ಕೂಲಿಯವನು ಇರುವುದು ಅಲ್ಲಿ. 1998ರಲ್ಲಿ ಕ್ರುಸೆಲ್ ಮತ್ತು ಸ್ಮಿತ್ ಇದಕ್ಕೆ ಇಡೀ ದೇಶದ ಏರಿಳಿತ ಸೇರಿಸಿದರು. 2018ರಲ್ಲಿ ಕಪ್ಲಾನ್, ಮೋಲ್, ವಿಯೊಲಾಂಟೆ ನಾಣ್ಯ ನೀತಿ ಸೇರಿಸಿದರು, ಅದನ್ನೇ ಹ್ಯಾಂಕ್ (ಬೇರೆ ಬೇರೆ ಕುಟುಂಬಗಳಿರುವ ನ್ಯೂ ಕೇನ್ಸಿಯನ್ ಮಾಡೆಲ್) ಅನ್ನುತ್ತಾರೆ. ಯಾರ ಬಳಿ ಏನಿದೆ ಅನ್ನುವ ಪ್ರಶ್ನೆ ಈಗ ಮ್ಯಾಕ್ರೋದ ನಟ್ಟನಡುವೆ ಇದೆ. ಆದರೆ ಅಲ್ಲಿಗೆ ಹೋಗುವ ದಾರಿ ತುಂಗಾತೀರ ಮೇಲೆ ಮಾಡಿದ ಲೆಕ್ಕದಿಂದಲೇ. ಹ್ಯಾಂಕ್ ಮಾಡೆಲ್‌ನ ಒಳಗೆ ಪ್ರತಿ ಕುಟುಂಬವೂ ಒಂದು ಬೆಲ್‌ಮನ್ ಸಮೀಕರಣವನ್ನೇ ಬಿಡಿಸುತ್ತಿರುತ್ತದೆ.

ಈ ಥಿಯರಿ ಹಳ್ಳಿಗೆ ಬಂದ ಕಥೆ ನನಗೆ ಬಹಳ ಇಷ್ಟ. ಹೈದರಾಬಾದ್ ಹತ್ತಿರದ ಇಕ್ರಿಸ್ಯಾಟ್ ಅನ್ನುವ ಕೃಷಿ ಸಂಶೋಧನಾ ಸಂಸ್ಥೆ 1970-80ರ ದಶಕದಲ್ಲಿ ಒಣಭೂಮಿಯ ಹಳ್ಳಿಗಳಲ್ಲಿ ಮನೆ ಮನೆಯ ಲೆಕ್ಕ ಬರೆದಿಟ್ಟಿತ್ತು. ರಾಬರ್ಟ್ ಟೌನ್ಸೆಂಡ್ 1994ರಲ್ಲಿ ಅದರಲ್ಲಿ ಮೂರು ಹಳ್ಳಿ ತೆಗೆದುಕೊಂಡರು. ಈಗಿನ ತೆಲಂಗಾಣದ ಔರೆಪಲ್ಲಿ, ಮಹಾರಾಷ್ಟ್ರದ ಶಿರಾಪುರ ಮತ್ತು ಕಾನ್ಝರಾ. ಅವರ ಪ್ರಶ್ನೆ ನೇರ ಥಿಯರಿಯಿಂದ ಬಂದದ್ದು. ಹಳ್ಳಿಯೊಳಗೆ ಪೂರ್ತಿ ವಿಮೆ ಇದ್ದರೆ ಒಂದು ಮನೆಯ ಊಟ ಆ ಮನೆಯ ಫಸಲಿನ ಜೊತೆ ಏರಿಳಿಯಬಾರದು, ಹಳ್ಳಿಯ ಒಟ್ಟು ಊಟದ ಜೊತೆ ಏರಿಳಿಯಬೇಕು. ಅಲ್ಲಿ ವಿಮಾ ಕಂಪನಿ ಯಾವುದೂ ಇಲ್ಲ. ಆದರೂ ಅಂಕಿಗಳು ಆ ಮಾದರಿಗೆ ಆಶ್ಚರ್ಯಪಡುವಷ್ಟು ಹತ್ತಿರ ಬಂದವು. ಕೈಸಾಲ, ಕೊಡು-ಕೊಳ್ಳು, ನೆಂಟರು, ಕೂಡಿಟ್ಟ ಕಾಳು ಇಂಥವೆಲ್ಲ ಸೇರಿ ವಿಮೆಯ ಕೆಲಸ ಮಾಡುತ್ತವೆ. ಪೂರ್ತಿ ಹೊಂದಲಿಲ್ಲ ಅನ್ನುವುದೂ ಅಷ್ಟೇ ಮುಖ್ಯ. ಒಂದು ಹಳ್ಳಿಯಲ್ಲಿ ಜಮೀನಿಲ್ಲದವರಿಗೆ ಆ ರಕ್ಷಣೆ ಕಡಿಮೆ ಇತ್ತು. ಎಲ್ಲಿ ಹೊಂದಲಿಲ್ಲ ಅಂತ ತೋರಿಸಲು ಮೊದಲು ಹೊಂದುವುದು ಹೇಗಿರುತ್ತದೆ ಅಂತ ಹೇಳುವ ಮಾಡೆಲ್ ಬೇಕಿತ್ತು, ಅಲ್ವಾ?

ಇಕ್ರಿಸ್ಯಾಟ್ ಹಳ್ಳಿಗಳ ಅಂಕಿಗಳಲ್ಲೇ ರೋಸೆನ್‌ಜ್ವೈಗ್ ಮತ್ತು ಸ್ಟಾರ್ಕ್ 1989ರಲ್ಲಿ ಇನ್ನೊಂದು ವಿಷಯ ಎತ್ತಿದ್ದರು. ಹೆಣ್ಣುಮಕ್ಕಳನ್ನು ದೂರದ ಊರಿಗೆ ಕೊಡುವುದು ಬರಗಾಲದಿಂದ ಕಾಪಾಡಿಕೊಳ್ಳುವ ಒಂದು ದಾರಿ. ಇಲ್ಲಿ ಮಳೆ ಹೋದ ವರ್ಷ ಬೀಗರ ಊರಿನಲ್ಲಿ ಹೋಗಿರುವುದಿಲ್ಲ. ನಮ್ಮ ಅಜ್ಜಿಯರನ್ನು ಕೇಳಿದರೆ ಇದಕ್ಕೆ ಉದಾಹರಣೆ ಬೇಕಾದಷ್ಟು ಸಿಗುತ್ತವೆ.

ಈಗ ಬೆಲೆ ಏರಿಕೆಗೆ ಬರುತ್ತೇನೆ. 2016ರಲ್ಲಿ ರಿಸರ್ವ್ ಬ್ಯಾಂಕ್ ಕಾಯ್ದೆಗೆ ತಿದ್ದುಪಡಿಯಾಗಿ ಹಣದುಬ್ಬರದ ಗುರಿ ಶೇ 4, ಆಚೀಚೆ ಶೇ 2 ಅಂತಾಯಿತು. ಆರು ಜನರ ಸಮಿತಿ ದರ ನಿರ್ಧರಿಸುತ್ತದೆ. 2022ರಲ್ಲಿ ಸತತ ಮೂರು ತ್ರೈಮಾಸಿಕ ಶೇ 6 ದಾಟಿದಾಗ ಸರ್ಕಾರಕ್ಕೆ ವಿವರಣೆ ಕೊಡಬೇಕಾಯಿತು. ಯಾವ ಹಣದುಬ್ಬರಕ್ಕೆ ಗುರಿ ಇಡಬೇಕು ಅನ್ನುವುದು ದೊಡ್ಡ ಜಗಳ. 2012 ಆಧಾರ ವರ್ಷದ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಆಹಾರ ಮತ್ತು ಪಾನೀಯದ ಪಾಲು ಸುಮಾರು ಶೇ 46 ಇತ್ತು. ಟೊಮೆಟೊ ಬೆಲೆಯನ್ನು ರೆಪೋ ದರ ಇಳಿಸುವುದಿಲ್ಲ, ಹಾಗಾಗಿ ಆಹಾರ ಬಿಟ್ಟು ಗುರಿ ಇಡುವ ವಿಚಾರ ಮಾಡಬೇಕು ಅಂತ 2023-24ರ ಆರ್ಥಿಕ ಸಮೀಕ್ಷೆಯೂ ಹೇಳಿತ್ತು.

ಥಿಯರಿಯಲ್ಲಿ ಇದಕ್ಕೆ ಬಲವಾದ ಆಧಾರ ಇದೆ. ಕೊಸುಕೆ ಅಓಕಿ 2001ರಲ್ಲಿ ತೋರಿಸಿದ್ದು ಇದು. ದಿನವೂ ಬದಲಾಗುವ ಬೆಲೆಗಳನ್ನು ಬಿಟ್ಟು, ನಿಧಾನವಾಗಿ ಬದಲಾಗುವ ಬೆಲೆಗಳನ್ನು ನೆಲೆಯಲ್ಲಿ ಇಟ್ಟರೆ ಸಾಕು. ಆದರೆ ಆ ಮಾಡೆಲ್‌ನಲ್ಲಿ ಎಲ್ಲರಿಗೂ ಸಾಲ ಸಿಗುತ್ತದೆ. 2015ರಲ್ಲಿ ಆನಂದ್, ಪ್ರಸಾದ್, ಜಾಂಗ್ ಅದನ್ನು ಬದಲಿಸಿದರು. ಒಂದಷ್ಟು ಕುಟುಂಬಗಳಿಗೆ ಸಾಲ ಸಿಗುವುದಿಲ್ಲ, ಖರ್ಚಿನಲ್ಲಿ ಊಟದ ಪಾಲು ದೊಡ್ಡದು, ಇಷ್ಟಾದರೂ ತಿನ್ನಲೇಬೇಕು ಅನ್ನುವ ಕನಿಷ್ಠ ಮಟ್ಟ ಇದೆ. ಆ ಕುಟುಂಬಗಳ ಬೇಡಿಕೆ ಬಡ್ಡಿ ದರಕ್ಕೆ ನೇರವಾಗಿ ಬಗ್ಗುವುದಿಲ್ಲ. ಅದು ಇವತ್ತಿನ ಆದಾಯ, ಇವತ್ತಿನ ಆಹಾರದ ಬೆಲೆಯ ಮೇಲೆ ನಿಂತಿದೆ. ಆಗ ಉತ್ತರವೇ ಮಗುಚಿಕೊಳ್ಳುತ್ತದೆ, ಆಹಾರ ಸೇರಿದ ಒಟ್ಟು ಹಣದುಬ್ಬರಕ್ಕೆ ಗುರಿ ಇಡುವುದು ಮೇಲು ಅಂತ ಬರುತ್ತದೆ.

ಅಣ್ಣ, ಇದು ನಿಮ್ಮದೇ ವಾದ. ಕೂಲಿಯವನಿಗೆ ಸಾಲ ಸಿಗುವುದಿಲ್ಲ ಅನ್ನುವ ಒಂದು ಮಾತು ಹೊಸದಿಲ್ಲಿಯ ನೀತಿಯ ಪ್ರಶ್ನೆಯನ್ನೇ ತಿರುಗಿಸಿತು. ಯಾವ ಕೊಂಡಿಯ ಮೂಲಕ ತಿರುಗಿಸಿತು ಅಂತ ಬೆರಳಿಟ್ಟು ತೋರಿಸಲು ಈ ಯಂತ್ರವೇ ಬೇಕಾಯಿತು.

ಬಯಲುಸೀಮೆ

ಟೌನ್ಸೆಂಡ್ ಲೇಖನ ಓದುತ್ತೇನೆ. ಅಓಕಿ ಮತ್ತು ಆನಂದ್ ಅವರ ಹೋಲಿಕೆ ಚೆನ್ನಾಗಿದೆ, ಒಪ್ಪಿದೆ. ಆದರೆ ಒಂದು ಮಾತು ಬಿಡುವುದಿಲ್ಲ. ಮೊದಲ ಸೆಮಿಸ್ಟರಿನ ಮಕ್ಕಳಿಗೆ ಈ ಕಥೆಯನ್ನು ಯಾರೂ ಹೇಳುವುದಿಲ್ಲ. ಬರೀ ರಾಮ್ಸೆ ಹೇಳಿ ಪರೀಕ್ಷೆ ಮುಗಿಸುತ್ತಾರೆ. ಅರ್ಧ ಜನ ಅಲ್ಲಿಗೇ ಇದು ನಮ್ಮದಲ್ಲ ಅಂತ ಎದ್ದು ಹೋಗುತ್ತಾರೆ. ಆ ನಷ್ಟಕ್ಕೆ ಯಾರು ಹೊಣೆ?

ಹಾಸನದ ಮೇಷ್ಟ್ರು

ಅದು ನಿಜ. ಪಾಠ ಮಾಡುವವರ ಹೊಣೆ ಅದು. ನಾನು ಪದವಿ ಕ್ಲಾಸಿನಲ್ಲೇ ಎರಡು ಕಾಲದ ಮಾಡೆಲ್ ತರುತ್ತೇನೆ, ಇವತ್ತು ಮತ್ತು ನಾಳೆ, ಅಷ್ಟೇ. ಮಕ್ಕಳು ಹಿಡಿದುಕೊಳ್ಳುತ್ತಾರೆ. ಅಲ್ಲಿಂದ ಬೆಲ್‌ಮನ್‌ಗೆ ಒಂದೇ ಹೆಜ್ಜೆ.

ಕರಾವಳಿ ಓದುಗ

ನಡುವೆ ಬಂದೆ, ಕ್ಷಮಿಸಿ. ನೋಟು ರದ್ದತಿಯ ಪರಿಣಾಮ ಅಳೆಯಲು ಇಂಥ ಥಿಯರಿ ಬೇಕಾ? ಅಂಕಿ ಅಂಶ ಇದ್ದರೆ ಸಾಲದಾ?

ಮಿಸಿಸಿಪ್ಪಿ ದಂಡೆ

ಸಾಲದು. 2016ರ ನವೆಂಬರ್ 8ರ ರಾತ್ರಿ ಚಲಾವಣೆಯಲ್ಲಿದ್ದ ಹಣದ ಶೇ 86ರಷ್ಟು ಮೌಲ್ಯದ ನೋಟು ರದ್ದಾಯಿತು. ಇಡೀ ದೇಶಕ್ಕೆ ಒಂದೇ ಸಲ. ಹೋಲಿಸಿ ನೋಡಲು ರದ್ದಾಗದ ಇನ್ನೊಂದು ಭಾರತ ಇಲ್ಲ.

ಮೈಸೂರಿನಲ್ಲಿ ಬೆಳೆದ ಅರ್ಥಶಾಸ್ತ್ರಜ್ಞೆ ಗೀತಾ ಗೋಪಿನಾಥ್ ಮತ್ತು ಜೊತೆಗಾರರು 2020ರಲ್ಲಿ ಪ್ರಕಟಿಸಿದ ಲೇಖನ ಈ ಗಂಟನ್ನು ಬಿಡಿಸಿದ ಬಗೆ ನೋಡಿ. ಹೊಸ ನೋಟು ಎಲ್ಲ ಜಿಲ್ಲೆಗೂ ಒಂದೇ ವೇಗದಲ್ಲಿ ತಲುಪಲಿಲ್ಲ. ನೋಟು ಜಾಸ್ತಿ ಕೊರತೆಯಾದ ಜಿಲ್ಲೆಗಳಲ್ಲಿ ಉಪಗ್ರಹ ಚಿತ್ರದ ರಾತ್ರಿ ಬೆಳಕು, ಉದ್ಯೋಗ, ಬ್ಯಾಂಕ್ ಸಾಲ ಹೇಗೆ ಇಳಿದವು ಅಂತ ಅಳೆದರು. ಆದರೆ ಇದು ಜಿಲ್ಲೆ ಜಿಲ್ಲೆಯ ನಡುವಿನ ವ್ಯತ್ಯಾಸ ಮಾತ್ರ. ಎಲ್ಲ ಜಿಲ್ಲೆಗೂ ಸಮನಾಗಿ ಬಿದ್ದ ಪೆಟ್ಟು ಈ ಹೋಲಿಕೆಯಲ್ಲಿ ಕಾಣುವುದೇ ಇಲ್ಲ. ಒಂದು ಜಿಲ್ಲೆಯ ಬೇಡಿಕೆ ಕುಸಿದರೆ ಪಕ್ಕದ ಜಿಲ್ಲೆಗೂ ತಟ್ಟುತ್ತದೆ. ವ್ಯತ್ಯಾಸದಿಂದ ಒಟ್ಟು ದೇಶದ ಅಂಕಿಗೆ ಹೋಗಲು ಮಾಡೆಲ್ ಕಟ್ಟಲೇಬೇಕು. ಅವರು ಕಟ್ಟಿದರು. ವಸ್ತು ಕೊಳ್ಳಲು ಕೈಯಲ್ಲಿ ನಗದು ಬೇಕು, ಕೂಲಿ ಸುಲಭಕ್ಕೆ ಇಳಿಯುವುದಿಲ್ಲ. ಅದರ ಪ್ರಕಾರ ಆ ತ್ರೈಮಾಸಿಕದಲ್ಲಿ ಉದ್ಯೋಗ ಮತ್ತು ಉತ್ಪಾದನೆ ರದ್ದತಿ ಇಲ್ಲದಿದ್ದರೆ ಇರಬಹುದಾಗಿದ್ದ ಮಟ್ಟಕ್ಕಿಂತ ಸುಮಾರು 2 ಶೇಕಡಾ ಅಂಶ ಕಡಿಮೆ. ಮುಂದಿನ ಕೆಲವು ತಿಂಗಳಲ್ಲಿ ಆ ಪರಿಣಾಮ ಕರಗಿತು.

ಈಗಿನ ಮ್ಯಾಕ್ರೋದಲ್ಲಿ ಒಳ್ಳೆಯ ಕೆಲಸ ಹೆಚ್ಚಾಗಿ ಈ ರೂಪದಲ್ಲೇ ಇದೆ. ಜಿಲ್ಲೆಯ ಅಂಕಿ ಒಂದು ಕೈಯಲ್ಲಿ, ಮಾಡೆಲ್ ಇನ್ನೊಂದು ಕೈಯಲ್ಲಿ. ಎರಡೂ ಬಲ್ಲವರು ಕಡಿಮೆ. ಕರ್ನಾಟಕದ ಜಿಲ್ಲೆಗಳನ್ನು ಕೂತಲ್ಲೇ ಬಲ್ಲ ನಿಮ್ಮಂಥವರು ಇದಕ್ಕೆ ಬರಬೇಕು ಅನ್ನುವುದು ನನ್ನ ಆಸೆ.

ತುಂಗಾತೀರ

ಎಲ್ಲರಿಗೂ ಧನ್ಯವಾದ. ಇದನ್ನೆಲ್ಲ ಪ್ರಿಂಟ್ ತೆಗೆದು ಕ್ಲಾಸಿನ ಇಬ್ಬರು ಗೆಳತಿಯರಿಗೂ ಕೊಟ್ಟಿದ್ದೇನೆ. ಶನಿವಾರ ಸಂಜೆ ಮೂವರೂ ಕೂತು ಒಬ್ಬೊಬ್ಬರು ಒಂದೊಂದು ಸಮೀಕರಣವನ್ನು ಬೋರ್ಡ್ ಮುಟ್ಟದೆ ಬಾಯಲ್ಲಿ ಹೇಳುವುದು ಅಂತ ಮಾಡಿಕೊಂಡಿದ್ದೇವೆ.

ಇನ್ನೊಂದು ಪ್ರಶ್ನೆ ಬಂತು. ರೈತನ ಮಾಡೆಲ್‌ಗೆ ಮಳೆ ಸೇರಿಸಿದೆ. ಫಸಲನ್ನು ಒಂದು ಯಾದೃಚ್ಛಿಕ ಸಂಖ್ಯೆಯಿಂದ ಗುಣಿಸಿದೆ. ಎಷ್ಟು ಸಲ ಮಾಡಿದರೂ ಬಿತ್ತನೆಯ ಪಾಲು ಅದೇ 0.288 ಬರುತ್ತಿದೆ. ಮಳೆ ನಂಬುವ ಹಾಗಿಲ್ಲ ಅಂದರೆ ಜಾಸ್ತಿ ಉಳಿಸಬೇಕಲ್ವಾ? ನನ್ನದು ತಪ್ಪಾ?

ಮಿಸಿಸಿಪ್ಪಿ ದಂಡೆ

ತಪ್ಪಿಲ್ಲ. ಬ್ರಾಕ್ ಮತ್ತು ಮಿರ್ಮನ್ 1972ರ ಲೇಖನದ ಕಾಲದಿಂದ ಗೊತ್ತಿರುವ ಉತ್ತರ ಅದು. ತೃಪ್ತಿ ಲಾಗರಿದಮ್ ಆಗಿ, ಸವಕಳಿ ಪೂರ್ತಿ ಇದ್ದಾಗ ಎರಡು ಎಳೆತ ಸರಿಯಾಗಿ ಒಂದನ್ನೊಂದು ಹೊಡೆದುಹಾಕುತ್ತವೆ. ನಾಳೆ ಕೆಡಬಹುದು, ಉಳಿಸು ಅನ್ನುವುದು ಒಂದು. ಬಿತ್ತಿದ್ದರಿಂದ ಬರುವುದೇ ಖಾತ್ರಿ ಇಲ್ಲ, ಈಗಲೇ ತಿನ್ನು ಅನ್ನುವುದು ಇನ್ನೊಂದು. ಅದಕ್ಕೇ ಈ ಮಾಡೆಲ್ ಕಲಿಯಲು ಒಳ್ಳೆಯದು, ಬಯಲುಸೀಮೆಯ ರೈತನ ಬಗ್ಗೆ ತೀರ್ಮಾನ ಕೊಡಲು ಸಾಲದು.

ಈಗ ತೃಪ್ತಿಯ ಲಾಗ್ ತೆಗೆದು, ಅಪಾಯಕ್ಕೆ ಇನ್ನೂ ಹೆಚ್ಚು ಅಂಜುವ, ಸಿಗ್ಮಾ 2 ಇರುವ ಸಿಆರ್‌ಆರ್‌ಎ ಸೂತ್ರ ಹಾಕಿ. ಸವಕಳಿ ಶೇ 10 ಮಾಡಿ. ಕೈಯಲ್ಲಿ ಉತ್ತರ ಬರುವುದಿಲ್ಲ, ಪೈಥಾನ್‌ನಲ್ಲಿ 200 ಬಿಂದುಗಳ ಗ್ರಿಡ್ ಇಟ್ಟು ಮಾಡಿ. ಮಳೆಗೆ ಎರಡೇ ಸ್ಥಿತಿ ಸಾಕು, ಒಳ್ಳೆಯದು ಮತ್ತು ಕೆಟ್ಟದ್ದು. ಕೋಡ್ ಸರಿ ಇದೆಯಾ ಅಂತ ನೋಡಲು ಮೊದಲು ಮಳೆ ತೆಗೆದು ಓಡಿಸಿ. ಸ್ಥಿರ ಸ್ಥಿತಿಯಲ್ಲಿ ಬಂಡವಾಳದ ಸೀಮಾಂತ ಉತ್ಪನ್ನದಿಂದ ಸವಕಳಿ ಕಳೆದರೆ 1 ಭಾಗಿಸು 0.96, ಅದರಲ್ಲಿ 1 ಕಳೆದಷ್ಟು, ಅಂದರೆ ಸುಮಾರು ಶೇ 4.17 ಬರಬೇಕು. ಅದು ಬಂದ ಮೇಲೆ ಮಳೆ ಸೇರಿಸಿ. ಉಳಿತಾಯದ ಪಾಲು ಇನ್ನು ಒಂದೇ ಸಂಖ್ಯೆಯಾಗಿ ನಿಲ್ಲುವುದಿಲ್ಲ, ಕಣಜದಲ್ಲಿ ಎಷ್ಟಿದೆ, ಮಳೆ ಹೇಗಿದೆ ಅನ್ನುವುದರ ಮೇಲೆ ಬದಲಾಗುತ್ತದೆ. ಚಿತ್ರ ಬಿಡಿಸಿ ಇಲ್ಲಿ ಹಾಕಿ.

ಬಯಲುಸೀಮೆ

ಮಳೆಯ ಎರಡು ಸ್ಥಿತಿಗೆ ಸುಮ್ನೆ ಸಂಖ್ಯೆ ಹಾಕಬೇಡಿ ತಂಗೀ. ಚಳ್ಳಕೆರೆ ತಾಲ್ಲೂಕಿನ ಶೇಂಗಾ ಇಳುವರಿಯ ವರ್ಷವಾರು ಪಟ್ಟಿ ನನ್ನ ಬಳಿ ಇದೆ, ಕೃಷಿ ಇಲಾಖೆಯ ಪುಸ್ತಕದಿಂದ ಬರೆದುಕೊಂಡದ್ದು. ನಾಳೆ ಟೈಪ್ ಮಾಡಿ ಕಳಿಸುತ್ತೇನೆ. ಒಳ್ಳೆಯ ವರ್ಷ, ಕೆಟ್ಟ ವರ್ಷ ಎಷ್ಟೆಷ್ಟು, ಒಂದಾದ ಮೇಲೆ ಒಂದು ಹೇಗೆ ಬರುತ್ತವೆ ಅಂತ ಅದರಿಂದಲೇ ತೆಗೆಯಿರಿ.